ಎರಡನೆಯ ವರ್ಷದ ಅರಬ್ಬಿ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಅರಬ್ಬಿ ಕಲಿತ ಒಂದಿಡೀ ತಲೆಮಾರಿಗೆ ಮಹಾ ಎಂಬ ಹುಡುಗಿ ಪರಿಚಿತಳು. ಇರುವುದು ನ್ಯೂಯಾರ್ಕಿನಲ್ಲಿ, ತಂದೆ ವಿಶ್ವಸಂಸ್ಥೆಯಲ್ಲಿ ಅನುವಾದಕ, ಮಗಳಿಗೆ ಸದಾ ಒಂಟಿತನದ ಬೇಸರ. ಕ್ರಿಸ್ಟನ್ ಬ್ರುಸ್ಟಾಡ್, ಮಹಮೂದ್ ಅಲ್-ಬತಲ್, ಅಬ್ಬಾಸ್ ಅಲ್-ತೋನ್ಸಿ ಮೂವರೂ ಸೇರಿ ಬರೆದು ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಪ್ರಕಾಶನ 1995ರಲ್ಲಿ ಹೊರತಂದ ‘ಅಲ್-ಕಿತಾಬ್’ ಪಠ್ಯಮಾಲೆಯ ನಾಯಕಿ ಇವಳು. ಇವಳ ದೆಸೆಯಿಂದ, ಅಡುಗೆಮನೆಯ ಸಾಮಾನುಗಳ ಹೆಸರು ಬಾರದ ಹೊಸಬರಿಗೂ ‘ವಿಶ್ವಸಂಸ್ಥೆ’ಯ ಅರಬ್ಬಿ ಹೆಸರು ಬಾಯಿಗೆ ಬಂದಿರುತ್ತದೆ. ಮೊದಲ ವರ್ಷವೆಲ್ಲ ಅವಳ ಕತೆ, ಅವಳದೇ ವಾಕ್ಯಗಳು. ಎರಡನೆಯ ವರ್ಷದಲ್ಲಿ ಅವಳು ಹಿಂದೆ ಸರಿದು ಪತ್ರಿಕೆಯ ವರದಿ, ಜೀವನಚಿತ್ರ, ಪ್ರವಾಸಕಥನದ ತುಣುಕುಗಳು ಮುಂದೆ ಬರುತ್ತವೆ. ಅರಬ್ಬಿಯ ರುಚಿ ಹತ್ತುವುದು ಆಗಲೇ. ದುಃಖದ ಸಂಗತಿಯೆಂದರೆ, ಬೆಂಚುಗಳು ಖಾಲಿಯಾಗತೊಡಗುವುದೂ ಆಗಲೇ.

ಖಾಲಿಯಾಗುವುದಕ್ಕೆ ಕಾರಣವಿಲ್ಲದಿಲ್ಲ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸರ್ಕಾರಿ ಸಂಸ್ಥೆಯ ಲೆಕ್ಕದಲ್ಲಿ ಇಂಗ್ಲಿಷ್ ಬಲ್ಲವರು ಅರಬ್ಬಿಯಲ್ಲಿ ಕೆಲಸಕ್ಕಾಗುವಷ್ಟು ಪಳಗಲು ಸುಮಾರು 2,200 ತರಗತಿ ಗಂಟೆಗಳು ಬೇಕು. ಸ್ಪ್ಯಾನಿಷ್‌ಗೆ ಅದರ ಮೂರನೆಯ ಒಂದು ಭಾಗ ಸಾಕು. 2001ರ ಸೆಪ್ಟೆಂಬರ್ ದಾಳಿಯ ನಂತರ ಅಲ್ಲಿನ ಕಾಲೇಜುಗಳಲ್ಲಿ ಅರಬ್ಬಿಗೆ ಸೇರುವವರ ಸಂಖ್ಯೆ ಏರುತ್ತಾ ಹೋಗಿ, 2002ರಲ್ಲಿ ಹತ್ತು ಸಾವಿರದ ಆಸುಪಾಸಿನಲ್ಲಿದ್ದದ್ದು 2006ರ ಹೊತ್ತಿಗೆ ಇಪ್ಪತ್ನಾಲ್ಕು ಸಾವಿರದ ಹತ್ತಿರ ಬಂತು. ಇಷ್ಟು ಜನ ಬಂದರೂ ಬಹುಪಾಲು ಕಲಿಕೆ ಲಿಪಿ ಮತ್ತು ಕುಶಲೋಪರಿಯ ಹಂತ ದಾಟುವುದಿಲ್ಲ. ಲಿಪಿ ಒಂದು ತಿಂಗಳ ಕೆಲಸ, ಕುಶಲೋಪರಿ ಒಂದು ಸೆಮಿಸ್ಟರಿನದು. ಅಲ್ಲಿಗೇ ನಿಲ್ಲಿಸಿದವರು ಅಂಗಳದಿಂದಲೇ ತಿರುಗಿ ಹೋದ ನೆಂಟರ ಹಾಗೆ. ಮನೆಯನ್ನು ಕಂಡೇ ಇರುವುದಿಲ್ಲ.

ಒಳಗೆ ಮೊದಲು ಎದುರಾಗುವುದು ಹಾನ್ಸ್ ವೆಹ್ರ್ ನಿಘಂಟು. ಅದರಲ್ಲಿ ಪದಗಳು ಅಕಾರಾದಿಯಾಗಿಲ್ಲ, ಧಾತುವಿನ ಪ್ರಕಾರ ಗುಂಪುಗೂಡಿವೆ. ಕನ್ನಡದಲ್ಲಿ ಪದದ ಬಾಲಕ್ಕೆ ಪ್ರತ್ಯಯ ಹತ್ತುತ್ತದೆ, ಅರಬ್ಬಿಯಲ್ಲಿ ಮೂರು ವ್ಯಂಜನಗಳ ಧಾತುವಿನ ಒಳಗೇ ಸ್ವರಗಳು ಬದಲಾಗುತ್ತವೆ. ‘ಅಲಿಮ’ ಎಂದರೆ ಅರಿತನು. ನಡುವಿನ ವ್ಯಂಜನ ಇಮ್ಮಡಿಸಿದರೆ ‘ಅಲ್ಲಮ’, ಕಲಿಸಿದನು. ಹಿಂದೆ ‘ತ’ ಸೇರಿದರೆ ‘ತಅಲ್ಲಮ’, ಕಲಿತನು. ‘ಇಸ್ತ’ ಸೇರಿದರೆ ‘ಇಸ್ತಅಲಮ’, ವಿಚಾರಿಸಿದನು. ಇಂಥ ಹತ್ತು ಅಚ್ಚುಗಳನ್ನು ವೆಹ್ರ್ ರೋಮನ್ ಅಂಕಿಗಳಲ್ಲಿ ಗುರುತಿಸುತ್ತಾನೆ. ಆಸ್ಪತ್ರೆಯ ಪದ ‘ಮುಸ್ತಶ್ಫಾ’ವನ್ನು ಮಕಾರದಲ್ಲಿ ಹುಡುಕುವಂತಿಲ್ಲ, ಗುಣವಾಗುವ ಅರ್ಥದ ‘ಶ-ಫ-ಯ’ ಧಾತುವಿನ ಕೆಳಗೆ ಅದು ಸಿಗುತ್ತದೆ. ಸಂಪರ್ಕ ಎಂಬರ್ಥದ ‘ಇತ್ತಿಸಾಲ್’ ಇನ್ನೂ ಕಷ್ಟದ್ದು: ಅದರ ಧಾತು ‘ವ-ಸ-ಲ’, ಆದರೆ ಆ ವಕಾರ ಎಂಟನೆಯ ಅಚ್ಚಿನಲ್ಲಿ ತಕಾರದೊಳಗೆ ಕರಗಿಹೋಗಿದೆ. ವ್ಯಾಕರಣ ಗೊತ್ತಿಲ್ಲದೆ ನಿಘಂಟನ್ನೇ ತೆರೆಯುವ ಹಾಗಿಲ್ಲ. ಈಗ ಮೊಬೈಲಿನಲ್ಲಿ ಪದ ಒತ್ತಿದರೆ ಅರ್ಥ ಬರುತ್ತದೆ, ನಿಜ. ಆದರೂ ಎರಡನೆಯ ವರ್ಷದ ವಿದ್ಯಾರ್ಥಿ ಕಾಗದದ ವೆಹ್ರ್‌ನಲ್ಲೇ ತಡಕಾಡಬೇಕು. ಹುಡುಕಿದ ಪದದ ಅಕ್ಕಪಕ್ಕದಲ್ಲಿ ಅದರ ಬಂಧುಬಳಗವೆಲ್ಲ ಕಣ್ಣಿಗೆ ಬೀಳುವುದು ಅಲ್ಲಿ ಮಾತ್ರ.

ಆ ನಿಘಂಟಿನ ಹಿಂದೆ ಒಂದು ಜೀವದ ಕತೆಯೂ ಇದೆ, ಅದನ್ನು ಬಳಸುವ ಪ್ರತಿಯೊಬ್ಬರೂ ತಿಳಿದಿರಬೇಕಾದದ್ದು. ಹೆಡ್ವಿಗ್ ಕ್ಲೈನ್ ಹ್ಯಾಂಬರ್ಗಿನಲ್ಲಿ ಅರಬ್ಬಿ ಓದಿದ ಯಹೂದಿ ವಿದ್ವಾಂಸೆ. ಒಮಾನಿನ ಆರಂಭಕಾಲದ ಇತಿಹಾಸ ಅವರ ಪ್ರಬಂಧದ ವಿಷಯ. 1939ರ ಆಗಸ್ಟಿನಲ್ಲಿ ಮುಂಬಯಿಗೆ ಹೊರಟ ಹಡಗು ಹತ್ತಿದ್ದರು. ಯುದ್ಧ ಹತ್ತಿರವಾದ್ದರಿಂದ ಆ ಹಡಗನ್ನು ದಾರಿಯಿಂದಲೇ ವಾಪಸು ಕರೆಸಿದರು. ಹಿಟ್ಲರನ ‘ಮೈನ್ ಕಾಂಫ್’ ಅನ್ನು ಅರಬ್ಬಿಗೆ ತರುವ ಉದ್ದೇಶದಿಂದ ನಾತ್ಸಿ ಸರ್ಕಾರಕ್ಕೆ ಹೊಸಗಾಲದ ಅರಬ್ಬಿ ನಿಘಂಟೊಂದು ಬೇಕಿತ್ತು. ಗುರು ಆರ್ತುರ್ ಶಾಡೆ ಆ ಕೆಲಸಕ್ಕೆ ಕ್ಲೈನ್ ಅವರನ್ನು ಸೇರಿಸಿ, ಅವರಿಲ್ಲದೆ ನಿಘಂಟು ಮುಂದುವರಿಯದು ಎಂದು ಅಧಿಕಾರಿಗಳಿಗೆ ಬರೆದು ಕೆಲಕಾಲ ಉಳಿಸಿಕೊಂಡರು. ಕ್ಲೈನ್ ಚೀಟಿಗಳಲ್ಲಿ ಪದ ಬರೆದು ಕಳುಹಿಸುತ್ತಿದ್ದರು. 1942ರ ಜುಲೈ 11ರಂದು ಅವರನ್ನು ಆಶ್‌ವಿಟ್ಸ್‌ಗೆ ಸಾಗಿಸಲಾಯಿತು. ನಿಘಂಟು ಜರ್ಮನಿಯಲ್ಲಿ 1952ರಲ್ಲಿ ಬಂದಾಗ ಮುನ್ನುಡಿಯಲ್ಲಿ ಅವರ ಹೆಸರಿತ್ತು, ಅವರಿಗೆ ಏನಾಯಿತೆಂಬ ಮಾತಿರಲಿಲ್ಲ. ಇಂದು ಜಗತ್ತಿನಾದ್ಯಂತ ವಿದ್ಯಾರ್ಥಿಗಳು ಬಳಸುವ ಇಂಗ್ಲಿಷ್ ಆವೃತ್ತಿ ಮೊದಲು ಬಂದದ್ದು 1961ರಲ್ಲಿ.

ನಿಘಂಟು ಪಳಗಿದ ಮೇಲೂ ಒಂದು ಕಷ್ಟ ಉಳಿಯುತ್ತದೆ. ಹ್ರಸ್ವ ಸ್ವರಗಳನ್ನು ತೋರಿಸುವ ಹರಕತ್ ಚಿಹ್ನೆಗಳು ಕುರ್‌ಆನ್ ಪ್ರತಿಗಳಲ್ಲಿ, ಮಕ್ಕಳ ಪುಸ್ತಕಗಳಲ್ಲಿ ಇರುತ್ತವೆ, ಪತ್ರಿಕೆ ಕಾದಂಬರಿಗಳಲ್ಲಿ ಇರುವುದಿಲ್ಲ. ಕ, ತ, ಬ ಮೂರೇ ಅಕ್ಷರ ಮುಂದಿದ್ದರೆ ಅದು ‘ಬರೆದನು’ ಆಗಬಹುದು, ‘ಬರೆಯಲಾಯಿತು’ ಆಗಬಹುದು, ‘ಪುಸ್ತಕಗಳು’ ಕೂಡ ಆಗಬಹುದು. ವಾಕ್ಯದ ಅರ್ಥ ಹೊಳೆದರೆ ಉಚ್ಚಾರ ತಾನಾಗಿ ಬರುತ್ತದೆ. ಓದಿ ಅರ್ಥಮಾಡಿಕೊಳ್ಳುವ ನಮ್ಮ ರೂಢಿ ಇಲ್ಲಿ ತಿರುಗುಮುರುಗು: ಅರ್ಥಮಾಡಿಕೊಂಡೇ ಓದಬೇಕು.

ಕರಾವಳಿ ಕರ್ನಾಟಕಕ್ಕೂ ಈ ಸ್ವರಗಳ ಸಮಸ್ಯೆಗೂ ನೇರ ನಂಟಿದೆ. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಷಿಯಾ ಮೂಲದ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ನೆಲೆಸಿದ್ದ. ಅಡಿಕೆ, ಮೆಣಸು, ಕಬ್ಬಿಣ ಕಳುಹಿಸಿ ಏಡನ್ನಿನಿಂದ ಕಾಗದ, ಸಕ್ಕರೆ ತರಿಸಿಕೊಳ್ಳುತ್ತಿದ್ದ. ಅವನ ಪತ್ರಗಳು ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿಯವು, ಕೈರೋದ ಹಳೆಯ ಸಿನಗಾಗಿನ ಕಾಗದರಾಶಿಯಲ್ಲಿ ಉಳಿದು ಬಂದವು. ಅವುಗಳಲ್ಲಿ ಕಾಣುವ ಅವನ ಆಳಿನ ಹೆಸರಿಗೆ ವ್ಯಂಜನಗಳಷ್ಟೇ ಇದ್ದವು. ‘ಬಾಮ’ ಎಂದು ಓದುತ್ತಿದ್ದ ಆ ಹೆಸರು ‘ಬೊಮ್ಮ’ ಇರಬೇಕೆಂದು, ಈ ಪತ್ರಗಳ ಬೆನ್ನು ಹತ್ತಿದ ಲೇಖಕ ಅಮಿತಾವ್ ಘೋಷ್ ಅವರಿಗೆ ದಾರಿ ತೋರಿಸಿದವರು ಮಂಗಳೂರು ವಿಶ್ವವಿದ್ಯಾಲಯದಲ್ಲಿದ್ದ ಕನ್ನಡ-ತುಳು ವಿದ್ವಾಂಸ ಬಿ.ಎ. ವಿವೇಕ ರೈ. ಅರಬ್ಬಿ ಪಂಡಿತರಿಗೆ ನಿಲುಕದ ಸ್ವರವನ್ನು ತುಳುನಾಡು ಬಲ್ಲವರು ಕೊಟ್ಟರು.

ಘೋಷ್ ಅವರ ಕಲಿಕೆಯ ದಾರಿಯನ್ನು ಗಮನಿಸಿ. ಆಕ್ಸ್‌ಫರ್ಡಿನ ವಿದ್ಯಾರ್ಥಿಯಾಗಿದ್ದ ಅವರು ಟ್ಯುನೀಷಿಯಾದಲ್ಲಿ ಅರಬ್ಬಿ ಕಲಿತು, 1980ರಲ್ಲಿ ಈಜಿಪ್ಟಿನ ನೈಲ್ ಬಯಲಿನ ಹಳ್ಳಿಯೊಂದರಲ್ಲಿ ಇದ್ದು ರೈತರ ಮಾತು ರೂಢಿಸಿಕೊಂಡರು. ಮುಂದೆ ಬೆನ್ ಯಿಜುವಿನ ಪತ್ರಗಳನ್ನು ಹಿಡಿದಾಗ, ಆ ಹಳೆಯ ಬರಹ ಹಳ್ಳಿಯಲ್ಲಿ ಕಲಿತ ಆಡುಮಾತಿಗೆ ಅಚ್ಚರಿಯಾಗುವಷ್ಟು ಹತ್ತಿರವಿರುವುದನ್ನು ಕಂಡರು. 1992ರ ‘ಇನ್ ಆನ್ ಆಂಟೀಕ್ ಲ್ಯಾಂಡ್’ ಹುಟ್ಟಿದ್ದು ಹೀಗೆ.

ಆಡುಮಾತನ್ನು ಕೀಳಾಗಿ ಕಾಣುವ ಅಧ್ಯಾಪಕರು ಈ ಪುಸ್ತಕವನ್ನು ಓದಬೇಕು. ಚಾರ್ಲ್ಸ್ ಫರ್ಗ್ಯುಸನ್ 1959ರ ತಮ್ಮ ಪ್ರಸಿದ್ಧ ಲೇಖನದಲ್ಲಿ, ಒಂದೇ ಸಮಾಜದಲ್ಲಿ ಬರಹಕ್ಕೊಂದು ಮಾತಿಗೊಂದು ಭಾಷಾರೂಪ ಇರುವ ಸ್ಥಿತಿಗೆ ಕೊಟ್ಟ ನಾಲ್ಕು ಮುಖ್ಯ ಉದಾಹರಣೆಗಳಲ್ಲಿ ಅರಬ್ಬಿಯೂ ಒಂದು. ಕನ್ನಡಿಗರಿಗೆ ಇದು ಹೊಸದಲ್ಲ. ಗ್ರಾಂಥಿಕ ಕನ್ನಡದಲ್ಲಿ ಯಾರೂ ತರಕಾರಿ ಚೌಕಾಸಿ ಮಾಡುವುದಿಲ್ಲ. ಆದರೆ ಅರಬ್ಬಿಯಲ್ಲಿ ಅಂತರ ಬಹಳ ದೊಡ್ಡದು. ‘ಏನು ಬೇಕು’ ಎನ್ನಲು ಬರಹದಲ್ಲಿ ‘ಮಾದಾ ತುರೀದ್’, ಕೈರೋದಲ್ಲಿ ‘ಆಯಿಜ್ ಏ’, ಡಮಾಸ್ಕಸ್ಸಿನಲ್ಲಿ ‘ಶೂ ಬಿದ್ದಕ್’, ಮೊರಾಕೊದಲ್ಲಿ ‘ಶ್ನೂ ಬ್ಗೀತಿ’. ಎರಡು ವರ್ಷ ಬರಹದ ಅರಬ್ಬಿಯನ್ನಷ್ಟೇ ಓದಿದವರಿಗೆ ಟೀ ಅಂಗಡಿಯಲ್ಲಿ ಕಿವಿಯೇ ಕೇಳಿಸದಂತಾಗುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮುಂದಿರ್ ಯೂನಿಸ್ ಎರಡನ್ನೂ ಒಂದೇ ತರಗತಿಯಲ್ಲಿ, ಮಾತಿಗೆ ಮಾತಿನದು ಓದಿಗೆ ಬರಹದ್ದು ಎಂದು, ಮೊದಲ ದಿನದಿಂದಲೇ ಹೆಣೆದು ಕಲಿಸಿದರು. ಸರಿಯಾದ ದಾರಿ ಅದೇ. ‘ಅಲ್-ಕಿತಾಬ್’ ಕೂಡ ನಂತರದ ಆವೃತ್ತಿಯಲ್ಲಿ ಈಜಿಪ್ಟಿನ ಮಾತಿನ ಜೊತೆಗೆ ಡಮಾಸ್ಕಸ್ ಇರುವ ಶಾಮ್ ಸೀಮೆಯ ಮಾತನ್ನೂ ಸೇರಿಸಿಕೊಂಡಿತು.

ಯಾವ ಊರಿನ ಮಾತು ಕಲಿಯಬೇಕೆಂಬುದನ್ನು ಎಷ್ಟೋ ಸಲ ರಾಜಕೀಯ ನಿರ್ಧರಿಸುತ್ತದೆ. ಡಮಾಸ್ಕಸ್ ಒಂದು ಕಾಲಕ್ಕೆ ವಿದೇಶಿ ವಿದ್ಯಾರ್ಥಿಗಳ ಅಚ್ಚುಮೆಚ್ಚಿನ ನಗರ. 2011ರ ಯುದ್ಧ ಆ ಬಾಗಿಲು ಮುಚ್ಚಿತು. ಈಜಿಪ್ಟಿನ ಗಲಭೆಯ ನಂತರ ಹಲವು ತರಬೇತಿಗಳು ಜೋರ್ಡಾನಿನ ಅಮ್ಮಾನಿಗೂ ಮೊರಾಕೊದ ಮೆಕ್ನೆಸ್‌ಗೂ ಸ್ಥಳಾಂತರಗೊಂಡವು.

ಎರಡನೆಯ ವರ್ಷದ ಕೊನೆಗೆ ಓದಲು ಸಿರಿಯಾದ ಜಕರಿಯಾ ತಾಮಿರ್ ಅವರ ‘ಹತ್ತನೆಯ ದಿನದ ಹುಲಿಗಳು’ ಕತೆಗಿಂತ ಒಳ್ಳೆಯದು ಸಿಗುವುದು ಕಷ್ಟ. 1931ರಲ್ಲಿ ಡಮಾಸ್ಕಸ್ಸಿನಲ್ಲಿ ಹುಟ್ಟಿದ ತಾಮಿರ್ ಎಳೆಯ ವಯಸ್ಸಿನಲ್ಲೇ ಶಾಲೆ ಬಿಟ್ಟು ಕಮ್ಮಾರಿಕೆ ಮಾಡಿದವರು. ಅವರ ವಾಕ್ಯಗಳು ಚಿಕ್ಕವು, ಗಟ್ಟಿಯವು. ಬೋನಿನ ಹುಲಿಯನ್ನು ಪಳಗಿಸುವವನು ಹಸಿವೊಂದನ್ನೇ ಹಿಡಿದು ದಿನಕ್ಕೊಂದು ಪಾಠ ಕಲಿಸುತ್ತಾನೆ: ನಿಲ್ಲು ಎಂದರೆ ನಿಲ್ಲಬೇಕು, ಬೆಕ್ಕಿನಂತೆ ಕೂಗಬೇಕು, ಭಾಷಣಕ್ಕೆ ಚಪ್ಪಾಳೆ ತಟ್ಟಬೇಕು, ಕೊನೆಗೆ ಹುಲ್ಲು ತಿನ್ನಬೇಕು. ಹತ್ತನೆಯ ದಿನ ಪಳಗಿಸುವವನಿಲ್ಲ, ಬೋನಿಲ್ಲ. ಹುಲಿ ನಾಗರಿಕನಾಗಿದೆ, ಬೋನು ನಗರವಾಗಿದೆ. ಅವೇ ಕ್ರಿಯಾಪದಗಳು ಮತ್ತೆ ಮತ್ತೆ ಬರುವುದರಿಂದ ನಿಘಂಟಿನ ಕೆಲಸ ಮೊದಲ ಪುಟದಲ್ಲೇ ಮುಗಿಯುತ್ತದೆ. ಉಳಿದ ಪುಟಗಳನ್ನು ವಿದ್ಯಾರ್ಥಿ ಹರಕತ್ತಿನ ಹಂಗಿಲ್ಲದೆ, ಅನುವಾದ ಪಕ್ಕದಲ್ಲಿಟ್ಟುಕೊಳ್ಳದೆ, ಮುಂದೇನಾಗುತ್ತದೋ ಎಂಬ ಆತಂಕದಿಂದ ಓದುತ್ತಾನೆ. ಇಷ್ಟಾದವರು ಮೂರನೆಯ ವರ್ಷಕ್ಕೆ ಸುಡಾನಿನ ತಯ್ಯಿಬ್ ಸಾಲಿಹ್ ಅವರ ಕತೆಗಳನ್ನು ಧೈರ್ಯವಾಗಿ ಕೈಗೆತ್ತಿಕೊಳ್ಳಬಹುದು.