ದುರ್ಗದ ಹುಡುಗಿಗೆ ಏಳು ಪಂದ್ಯ

2006ರಲ್ಲಿ ದೆಹಲಿಯಲ್ಲಿ ನಡೆದ ಮಹಿಳಾ ವಿಶ್ವ ಬಾಕ್ಸಿಂಗ್ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ ಗೆದ್ದವರ ಪೈಕಿ ಇಬ್ಬರ ಹೆಸರನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 52 ಕೆ.ಜಿ. ವಿಭಾಗದಲ್ಲಿ ಗೆದ್ದವರು ಮಣಿಪುರದ ಸರಿತಾ ದೇವಿ, 60 ಕೆ.ಜಿ.ಯಲ್ಲಿ ಐರ್ಲೆಂಡಿನ ಕೇಟಿ ಟೇಲರ್. ಹತ್ತು ವರ್ಷದ ಮೇಲೆ ಈ ಇಬ್ಬರೂ ಎರಡೇ ತಿಂಗಳ ಅಂತರದಲ್ಲಿ ವೃತ್ತಿಪರ ಬಾಕ್ಸಿಂಗ್‌ಗೆ ಕಾಲಿಟ್ಟರು. ಟೇಲರ್ 2016ರ ನವೆಂಬರ್ 26ರಂದು ಲಂಡನ್ನಿನಲ್ಲಿ, ಸರಿತಾ 2017ರ ಜನವರಿ 29ರಂದು ತಮ್ಮದೇ ಇಂಫಾಲದಲ್ಲಿ. ಇಬ್ಬರೂ ಮೊದಲ ಪಂದ್ಯ ಗೆದ್ದರು. ಟೇಲರ್ ಮುಂದಿನ ಅಕ್ಟೋಬರ್‌ನಲ್ಲಿ ಕಾರ್ಡಿಫ್‌ನಲ್ಲಿ ಅರ್ಜೆಂಟೀನಾದ ಅನಾಹಿ ಸಾಂಚೆಸ್ ಅವರನ್ನು ಸೋಲಿಸಿ ವಿಶ್ವ ಪಟ್ಟ ಏರಿದರು. ಅದು ಹನ್ನೊಂದು ತಿಂಗಳಲ್ಲಿ ಅವರ ಏಳನೆಯ ಪಂದ್ಯ. ಹಂಗೇರಿಯ ಅನುಭವಿ ಬಾಕ್ಸರ್ ಜೋಫಿಯಾ ಬೆಡೋ ಎದುರು ತೀರ್ಪುಗಾರರೆಲ್ಲರ ಒಮ್ಮತದಿಂದ ಗೆದ್ದಿದ್ದ ಸರಿತಾ ಮಾತ್ರ ಅದೇ ವರ್ಷ ಅಮೆಚೂರ್ ಕಣಕ್ಕೆ ಮರಳಿದರು.

ಟೇಲರ್ ಹೆಚ್ಚಿನ ಪ್ರತಿಭೆ, ಅದಕ್ಕೇ ಮೇಲೆ ಬಂದರು ಎನ್ನುವವರಿದ್ದಾರೆ. ಒಪ್ಪೋಣ. ಸತತ ಐದು ವಿಶ್ವ ಪ್ರಶಸ್ತಿ ಮತ್ತು 2012ರ ಲಂಡನ್ ಒಲಿಂಪಿಕ್ಸ್ ಚಿನ್ನ ಗೆದ್ದವರ ಜೊತೆ ಸಮ ಎಂದು ಯಾರನ್ನೂ ನಿಲ್ಲಿಸುವುದು ಕಷ್ಟ. ವಯಸ್ಸೂ ಸರಿತಾ ಅವರ ಕಡೆಗಿರಲಿಲ್ಲ. ಅವರಿಗಾಗ 34, ಟೇಲರ್‌ಗೆ 30. ಆದರೆ ಪ್ರತಿಭೆ, ವಯಸ್ಸು ಎರಡನ್ನೂ ಕಳೆದರೂ ಒಂದು ದೊಡ್ಡ ವ್ಯತ್ಯಾಸ ಉಳಿಯುತ್ತದೆ. ಒಬ್ಬರಿಗೆ ವರ್ಷದಲ್ಲಿ ಏಳು ಪಂದ್ಯ ಸಿಕ್ಕವು, ಇನ್ನೊಬ್ಬರಿಗೆ ಅಂಥ ಸಾಲು ಸಿಗಲಿಲ್ಲ. ವೃತ್ತಿಪರ ಬಾಕ್ಸರ್ ತಯಾರಾಗುವುದು ಜಿಮ್ಮಿನಲ್ಲಲ್ಲ, ಆ ಸಾಲಿನಲ್ಲಿ. ಅಮೆಚೂರ್ ಪಂದ್ಯಕ್ಕೆ ಮೂರೇ ಸುತ್ತು, ತಲೆಗೆ ರಕ್ಷಾಕವಚ. ಆ ಒಂಬತ್ತು ನಿಮಿಷದಲ್ಲಿ ಅಂಕ ಬಾಚಿಕೊಂಡವಳು ಗೆದ್ದಳು. ವೃತ್ತಿಪರ ಕಣದಲ್ಲಿ ಕವಚ ಕಳಚುತ್ತದೆ, ಹುಬ್ಬು ಒಡೆದರೆ ಒಂದು ನಿಮಿಷದ ಬಿಡುವಿನಲ್ಲಿ ರಕ್ತ ನಿಲ್ಲಿಸಿ ಮತ್ತೆ ಎದ್ದು ನಿಲ್ಲಬೇಕು, ಪಟ್ಟದ ಪಂದ್ಯವಾದರೆ ಹತ್ತು ಸುತ್ತು ಉಸಿರು ಹಂಚಿಕೊಳ್ಳಬೇಕು. ಮೂರನೆಯ ಸುತ್ತಿನಲ್ಲಿ ಎದುರಾಳಿಯ ಪಕ್ಕೆಗೆ ಬಿದ್ದ ಏಟಿನ ಫಲ ಎಂಟನೆಯ ಸುತ್ತಿನಲ್ಲಿ ಕಾಣುತ್ತದೆ. ಮುಖ ಕಾಯುತ್ತಿದ್ದ ಅವಳ ಮೊಳಕೈ ತನಗೆ ತಾನೇ ಪಕ್ಕೆಯ ಕಡೆಗೆ ಜಾರಿ, ಗಲ್ಲ ತೆರೆದುಕೊಳ್ಳುತ್ತದೆ. ಇಷ್ಟು ದೂರದ ಲೆಕ್ಕ ಹಾಕುವ ತಾಳ್ಮೆ ಮರಳಿನ ಚೀಲಕ್ಕೆ ಗುದ್ದಿ ಬರುವುದಿಲ್ಲ. ಮೊದಲು ನಾಲ್ಕು ಸುತ್ತಿನ ಎದುರಾಳಿ, ಆಮೇಲೆ ಆರು, ಎಂಟು. ಒಮ್ಮೆ ಎಡಗೈಯವಳು, ಒಮ್ಮೆ ಎತ್ತರದವಳು, ಒಮ್ಮೆ ಏಟು ತಿಂದೂ ಹಿಂಜರಿಯದೆ ಮುನ್ನುಗ್ಗುವವಳು. ಹೀಗೆ ಒಬ್ಬೊಬ್ಬರನ್ನು ಆರಿಸಿ ತಂದು ಕೂಡಿಸುವುದೇ ಪ್ರೊಮೋಟರ್‌ನ ಕಸುಬು. ಟೇಲರ್ ಬೆನ್ನಿಗೆ ಅಂಥ ಕಸುಬುದಾರರೂ ಟಿ.ವಿ. ಒಪ್ಪಂದವೂ ಇದ್ದವು.

ಭಾರತದಲ್ಲಿ ಈ ಸಾಲು ಹುಟ್ಟದೆ ಇರುವುದಕ್ಕೆ ಹೆಣ್ಣುಮಕ್ಕಳ ಅಳುಕು ಕಾರಣವಲ್ಲ. ಆರು ಸಲ ವಿಶ್ವ ಚಾಂಪಿಯನ್ ಆದ ಮೇರಿ ಕೋಮ್ ಅವರ ಬದುಕು ವೃತ್ತಿಪರ ಕಣದಲ್ಲಿ ಸಾಗಲಿಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಲವ್ಲಿನಾ ಬೊರ್ಗೊಹೈನ್ ಅಸ್ಸಾಂ ಪೊಲೀಸ್ ಇಲಾಖೆಯಲ್ಲಿ ಡಿ.ವೈ.ಎಸ್.ಪಿ. ಆದರು, ಎರಡು ಬಾರಿಯ ವಿಶ್ವ ಚಾಂಪಿಯನ್ ನಿಖತ್ ಜರೀನ್ ತೆಲಂಗಾಣದಲ್ಲಿ ಅದೇ ಹುದ್ದೆ ಪಡೆದರು. ನಮ್ಮಲ್ಲಿ ಬಾಕ್ಸಿಂಗ್ ಅನ್ನ ಕೊಡುವ ದಾರಿ ಇದು: ಪದಕ, ಪದಕದಿಂದ ಸರ್ಕಾರಿ ಕೆಲಸ. ಗಟ್ಟಿ ಸಂಬಳ ಬಿಟ್ಟು ಏಟು ತಿನ್ನುವ ಅನಿಶ್ಚಿತ ಕಸುಬಿಗೆ ಮಗಳನ್ನೇಕೆ ಕಳಿಸಬೇಕು ಎಂದು ಹೊಸದುರ್ಗದ ಒಬ್ಬ ತಂದೆ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಬಾಗಿಲು ಎಷ್ಟು ಕಿರಿದು ನೋಡಿ. ಲಂಡನ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಇದ್ದದ್ದು ಮೂರು ತೂಕದ ವಿಭಾಗ. 2024ರ ಪ್ಯಾರಿಸ್‌ನಲ್ಲಿ ಆರು. ವಿಭಾಗಕ್ಕೆ ಒಂದು ದೇಶದಿಂದ ಒಬ್ಬಳೇ. ಇಡೀ ಭಾರತದಿಂದ ಬೆರಳೆಣಿಕೆಯ ಹುಡುಗಿಯರು ಹೋಗುವ ಕಡೆಗೆ ಸಾವಿರಾರು ಹುಡುಗಿಯರು ನಡೆಯುತ್ತಿದ್ದಾರೆ. ರಾಷ್ಟ್ರಮಟ್ಟದಲ್ಲಿ ಎರಡನೆಯವಳು, ಐದನೆಯವಳು ಇಪ್ಪತ್ತೈದರ ಹರೆಯದಲ್ಲಿ ಗ್ಲೌಸ್ ಬಿಚ್ಚಿಟ್ಟು ಮನೆಗೆ ಹೋಗುತ್ತಾಳೆ. ಹತ್ತು ವರ್ಷ ಮೈಗೂಡಿಸಿಕೊಂಡ ವಿದ್ಯೆಗೆ ಕೊಳ್ಳುವವರೇ ಇಲ್ಲ. ಸಂಬಳ ಸಿಕ್ಕವಳನ್ನು ಈ ಕಸುಬಿಗೆ ಎಳೆಯಬೇಕೆಂದು ನಾನು ಹೇಳುತ್ತಿಲ್ಲ. ಉಳಿದವರಿಗೊಂದು ಕಸುಬು ಬೇಕು ಎನ್ನುವುದು ನನ್ನ ವಾದ.

ಈ ಕಸುಬು ನಮ್ಮ ನೆಲಕ್ಕೆ ಹೊಂದುವುದಿಲ್ಲ ಎನ್ನುವ ಮಾತಿಗೆ ಚಿತ್ರದುರ್ಗ ಜಿಲ್ಲೆಯಲ್ಲೇ ಉತ್ತರವಿದೆ. ದುರ್ಗದ ಕ್ರೀಡಾಂಗಣಕ್ಕೆ ಒನಕೆ ಓಬವ್ವನ ಹೆಸರಿದೆ, ನವೆಂಬರ್ 11ರಂದು ಸರ್ಕಾರವೇ ಅವಳ ಜಯಂತಿ ಆಚರಿಸುತ್ತದೆ, 1972ರ ‘ನಾಗರಹಾವು’ ಚಿತ್ರದಲ್ಲಿ ನಟಿ ಜಯಂತಿ ಹಿಡಿದ ಒನಕೆ ಇವತ್ತಿಗೂ ಮಕ್ಕಳ ಕಣ್ಣಲ್ಲಿದೆ. ಇಷ್ಟಿದ್ದೂ ಅವಳನ್ನು ನಾವು ನೆನೆಯುವ ಬಗೆ ಒಂದೇ: ಗಂಡ ಊಟಕ್ಕೆ ಕೂತಾಗ, ಬೇರೆ ದಾರಿಯಿಲ್ಲದೆ, ಒಂದು ಮಧ್ಯಾಹ್ನ ಹೊಡೆದವಳು. ಹೆಣ್ಣು ಒದಗಿ ಬಂದ ಗಂಡಾಂತರಕ್ಕೆ ಒಮ್ಮೆ ಹೊಡೆದರೆ ವೀರವನಿತೆ. ದಿನಾ ಅಭ್ಯಾಸ ಮಾಡಿ, ದುಡ್ಡಿಗೆ, ಗೆಲ್ಲಬೇಕೆಂದೇ ಹೊಡೆದರೆ ಅವಳಿಗೆ ನಮ್ಮಲ್ಲಿ ಹೆಸರಿಲ್ಲ. ಗಂಡಸಿಗೆ ಮಾತ್ರ ಆ ಹೆಸರು ಎಂದೋ ಸಿಕ್ಕಿದೆ, ಪೈಲ್ವಾನ ಎಂದು. ಬಯಲು ಕುಸ್ತಿಯನ್ನು ನೋಡಿದವರಿಗೆ ವೃತ್ತಿಪರ ಬಾಕ್ಸಿಂಗ್ ಹೊಸದಾಗಿ ಕಾಣಬಾರದು. ಜಾತ್ರೆ ಕಮಿಟಿಯವರು ಜೋಡಿ ಕಟ್ಟುತ್ತಾರೆ, ಇನಾಮು ಸಾರುತ್ತಾರೆ, ಬೆಳ್ಳಿ ಕಡಗದ ಜೋಡಿ ಕೊನೆಗೆ ಬರುತ್ತದೆ, ಪೈಲ್ವಾನ ಒಂದು ಜಾತ್ರೆಯಿಂದ ಇನ್ನೊಂದಕ್ಕೆ ಹೋಗಿ ಹೆಸರು ಬೆಳೆಸುತ್ತಾನೆ. ಲಂಡನ್, ನ್ಯೂಯಾರ್ಕ್‌ಗಳಲ್ಲಿ ನಡೆಯುವುದೂ ಇದೇ ವ್ಯವಸ್ಥೆ. ಆ ಮಣ್ಣಿಗೆ ಹೆಣ್ಣುಮಕ್ಕಳು ಇಳಿಯಬಾರದೆಂಬ ಕಟ್ಟೂ ಸಡಿಲಾಗಿದೆ. ಹಳಿಯಾಳದ ಹುಡುಗಿಯರು, ಸಿದ್ದಿ ಸಮುದಾಯದವರೂ ಸೇರಿ, ರಾಷ್ಟ್ರಮಟ್ಟದ ಕುಸ್ತಿಗೆ ಹೋಗಿದ್ದಾರೆ. ಮೈಸೂರು ದಸರಾ ಕುಸ್ತಿಯಲ್ಲಿ ಮಹಿಳೆಯರಿಗೆ ‘ದಸರಾ ಕಿಶೋರಿ’ ಪ್ರಶಸ್ತಿ ಇದೆ. ಪಂದ್ಯ ಇದ್ದಲ್ಲಿ ಹುಡುಗಿಯರು ಬಂದರು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ ಹೊರಡುವ ಶಿವಸಂಚಾರ ನಾಟಕ ತಂಡವೂ ಇದನ್ನೇ ತೋರಿಸಿದೆ. ಊರೂರಿಗೆ ನಾಟಕದ ಸಂಚಾರ ನಿಗದಿಯಾಗಿದ್ದರಿಂದಲೇ ಅಲ್ಲಿ ನಟಿಯಾಗುವುದು ಒಂದು ಕೆಲಸವಾಯಿತು.

ಎಲ್ಲಕ್ಕಿಂತ ತೂಕದ ಆಕ್ಷೇಪಣೆ ಅಪಾಯದ್ದು. ತಲೆಗೆ ಬೀಳುವ ಏಟು ಮಿದುಳಿಗೆ ಕೇಡು, ಇದರಲ್ಲಿ ಎರಡು ಮಾತಿಲ್ಲ. ಒಲಿಂಪಿಕ್ ಮಹಿಳಾ ಬಾಕ್ಸಿಂಗ್‌ನ ಮೊದಲ ಚಿನ್ನ ಗೆದ್ದ ಬ್ರಿಟನ್ನಿನ ನಿಕೋಲಾ ಆಡಮ್ಸ್ 2017ರಲ್ಲಿ ವೃತ್ತಿಪರರಾಗಿ, ಕಣ್ಣಿಗೆ ಕುತ್ತು ಬರಬಹುದೆಂದು ವೈದ್ಯರು ಎಚ್ಚರಿಸಿದ ಮೇಲೆ 2019ರಲ್ಲೇ ನಿವೃತ್ತರಾದರು. ಅವರನ್ನು ಉಳಿಸಿದ್ದು ತಪಾಸಣೆ. ಅಮೆರಿಕದ ರಾಜ್ಯಗಳಲ್ಲಿ ಸರ್ಕಾರದ್ದೇ ಆಯೋಗ ಪರವಾನಗಿ ಕೊಡುತ್ತದೆ, ವೈದ್ಯರು ರಿಂಗಿನ ಪಕ್ಕ ಕೂರುತ್ತಾರೆ, ನಾಕೌಟ್ ಆದವಳು ಇಷ್ಟು ದಿನ ಕಣಕ್ಕಿಳಿಯಬಾರದೆಂದು ತಡೆ ಬೀಳುತ್ತದೆ. ಈ ಏರ್ಪಾಡು ಇಲ್ಲದೆ ಹಿರಿಯೂರಿನ ಮೈದಾನದಲ್ಲಿ ರಿಂಗ್ ಕಟ್ಟುವುದನ್ನು ನಾನೇ ಮೊದಲು ವಿರೋಧಿಸುತ್ತೇನೆ. ಆದರೆ ಏರ್ಪಾಡು ಇಲ್ಲವೆಂದು ಕಸುಬನ್ನೇ ಬೇಡವೆನ್ನುವುದು ಬೇರೆ. ಬ್ರಿಟನ್ನಿನ ಬಾಕ್ಸಿಂಗ್ ಮಂಡಳಿ ಜೇನ್ ಕೌಚ್ ಅವರಿಗೆ ಪರವಾನಗಿ ನಿರಾಕರಿಸಿದಾಗ ಮುಂದಿಟ್ಟ ಕಾರಣಗಳಲ್ಲಿ ಮುಟ್ಟಿಗೆ ಮುಂಚಿನ ದಿನಗಳ ಮನಸ್ಸಿನ ಏರುಪೇರೂ ಒಂದು. 1998ರಲ್ಲಿ ಕೌಚ್ ನ್ಯಾಯಮಂಡಳಿಯಲ್ಲಿ ಗೆದ್ದರು. ಕಾಳಜಿಯ ವೇಷದಲ್ಲಿ ಬರುವ ತಡೆಯನ್ನು ಆಗಿನಿಂದ ಅನುಮಾನದಿಂದಲೇ ನೋಡಬೇಕಾಗಿದೆ.

ಅಂಥ ಒಂದು ತಡೆ ಈಗಲೂ ಉಳಿದಿದೆ. ವೃತ್ತಿಪರ ಕಣದಲ್ಲಿ ಗಂಡಸರ ಸುತ್ತು ಮೂರು ನಿಮಿಷ, ಹೆಂಗಸರದು ಸಾಮಾನ್ಯವಾಗಿ ಎರಡೇ. 2022ರ ಏಪ್ರಿಲ್ 30ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಟೇಲರ್ ಮತ್ತು ಅಮಾಂಡಾ ಸೆರಾನೊ ಎದುರಾದರು. ಆ ಅಂಗಳದ ಬಾಕ್ಸಿಂಗ್ ಇತಿಹಾಸದಲ್ಲಿ ಮಹಿಳೆಯರದೇ ಮುಖ್ಯ ಪಂದ್ಯವಾದದ್ದು ಅದೇ ಮೊದಲು. ಐದನೆಯ ಸುತ್ತಿನಲ್ಲಿ ಸೆರಾನೊ ಎಡಗೈ ಏಟುಗಳು ಒಂದರ ಹಿಂದೊಂದು ಬಿದ್ದು ಟೇಲರ್ ಮೂಗಿನಲ್ಲಿ ರಕ್ತ, ಕಾಲಲ್ಲಿ ತ್ರಾಣವಿಲ್ಲ. ಗಂಟೆ ಹೊಡೆಯಿತು. ಟೇಲರ್ ಚೇತರಿಸಿಕೊಂಡು ಕೊನೆಯ ಸುತ್ತುಗಳನ್ನು ಅದ್ಭುತವಾಗಿ ಆಡಿ, ಮೂವರಲ್ಲಿ ಇಬ್ಬರು ತೀರ್ಪುಗಾರರ ಲೆಕ್ಕದಲ್ಲಿ ಗೆದ್ದರು. ಅವರ ಗೆಲುವು ನಿಯಮದೊಳಗಿನದು, ಅದರ ಮೇಲೆ ನನ್ನ ತಕರಾರಿಲ್ಲ. ಇನ್ನೊಂದು ನಿಮಿಷ ಇದ್ದಿದ್ದರೆ ಅದು ಬೇರೆಯದೇ ಪಂದ್ಯವಾಗುತ್ತಿತ್ತು. ಹೆಂಗಸರ ಪಂದ್ಯದಲ್ಲಿ ನಾಕೌಟ್ ಕಡಿಮೆ, ಆದ್ದರಿಂದ ದುಡ್ಡೂ ಕಡಿಮೆ ಎನ್ನುವವರು, ಏಟು ಫಲ ಕೊಡುವ ಆ ಮೂರನೆಯ ನಿಮಿಷವನ್ನು ಮೊದಲೇ ಕಿತ್ತುಕೊಂಡಿರುತ್ತಾರೆ. ಸೆರಾನೊ 2023ರ ಅಕ್ಟೋಬರ್‌ನಲ್ಲಿ ಒರ್ಲಾಂಡೊದಲ್ಲಿ ಡನಿಲಾ ರಾಮೋಸ್ ವಿರುದ್ಧ ಮೂರು ನಿಮಿಷದ ಹನ್ನೆರಡು ಸುತ್ತು ಆಡಿ ಗೆದ್ದರು. ವರ್ಲ್ಡ್ ಬಾಕ್ಸಿಂಗ್ ಕೌನ್ಸಿಲ್ ವೈದ್ಯಕೀಯ ಕಾರಣ ಹೇಳಿ ಇದನ್ನು ಒಪ್ಪದಿದ್ದಾಗ ಅದರ ಪಟ್ಟವನ್ನೇ ಬಿಟ್ಟುಕೊಟ್ಟರು. ಟೇಲರ್ ಎರಡು ನಿಮಿಷದ ಬಿರುಸೇ ಚೆಂದ ಎನ್ನುವ ಕಡೆಗಿದ್ದಾರೆ, ಅದು ಅವರ ಆಟಕ್ಕೆ ಒಪ್ಪುವ ಮಾತು. ಒಲಿಂಪಿಕ್ಸ್‌ನಲ್ಲಿ ಆಡುವ ಹುಡುಗಿಯರು ಮಾತ್ರ ಈಗಾಗಲೇ ಮೂರು ನಿಮಿಷದ ಸುತ್ತೇ ಆಡುತ್ತಿದ್ದಾರೆ.

ಆದ್ದರಿಂದ ಮಧ್ಯ ಕರ್ನಾಟಕದಲ್ಲಿ ಈ ಕಸುಬು ಎಂದಾದರೂ ಶುರುವಾಗುವುದಾದರೆ, ಎಲ್ಲಿಂದಲೋ ತಾರೆಯರನ್ನು ಕರೆತಂದು ಒಂದೇ ರಾತ್ರಿ ಲಕ್ಷಗಟ್ಟಲೆ ಸುರಿಯುವ ಕಾರ್ಯಕ್ರಮದಿಂದ ಬೇಡ. ಹೊಳಲ್ಕೆರೆಯ ಅಡಿಕೆ ವರ್ತಕರು, ಹಿರಿಯೂರಿನ ಜಾತ್ರೆ ಕಮಿಟಿಯವರು, ದುರ್ಗದ ಗರಡಿಯ ಹಿರಿಯರು ಸೇರಿ ವರ್ಷಕ್ಕೆ ಏಳು ಪಂದ್ಯಕ್ಕೆ ಇನಾಮು ಗೊತ್ತು ಮಾಡಲಿ, ಮೊದಲ ಖರ್ಚು ವೈದ್ಯರಿಗೂ ಆಂಬುಲೆನ್ಸಿಗೂ ಹೋಗಲಿ, ಎದುರಾಳಿಗಳು ದಾವಣಗೆರೆಯಿಂದಲೋ ಬೆಂಗಳೂರಿನಿಂದಲೋ ಬರಲಿ. ಮೊದಮೊದಲು ನಾಲ್ಕು ಸುತ್ತು ಸಾಕು. ಸುತ್ತು ಮಾತ್ರ ಮೂರು ನಿಮಿಷದ್ದಿರಲಿ.