ಕರಾವಳಿಯ ಇಸ್ಲಾಮ್: ಐತಿಹ್ಯವೂ ಪ್ರಮಾಣವೂ

ಕರ್ನಾಟಕದಲ್ಲಿ ಇಸ್ಲಾಮಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ದಾರಿಗಳಲ್ಲೊಂದನ್ನು ಹಿಡಿಯುತ್ತಾರೆ. ಮೊದಲನೆಯದು ದಂಡಯಾತ್ರೆಯ ದಾರಿ: 1311ರಲ್ಲಿ ಮಲಿಕ್ ಕಾಫರನು ದ್ವಾರಸಮುದ್ರಕ್ಕೆ ಬಂದುದು, 1347ರಲ್ಲಿ ಬಹಮನೀ ರಾಜ್ಯವು ಸ್ಥಾಪಿತವಾದುದು, ಅನಂತರ ವಿಜಾಪುರ, ಕೊನೆಗೆ ಶ್ರೀರಂಗಪಟ್ಟಣ. ಎರಡನೆಯದು ಐತಿಹ್ಯದ ದಾರಿ: ಮಾಲಿಕ್ ದೀನಾರರ ಸಂಗಡಿಗರು ಕ್ರಿ.ಶ. 644ರಲ್ಲಿಯೇ ಮಂಗಳೂರಿನ ಬಂದರಿನಲ್ಲಿ ಮಸೀದಿಯನ್ನು ಕಟ್ಟಿದರೆಂಬುದು. ಸುಳ್ಯ ಸೀಮೆಯ ಬೆಳ್ಳಾರೆಯಂತಹ ಒಳನಾಡಿನ ಊರಿನಲ್ಲಿ ನಿಂತು ನೋಡಿದರೆ ಈ ಎರಡೂ ಸಾಲದೆಂದು ತೋರುತ್ತದೆ.

ಮೊದಲನೆಯ ದಾರಿಯ ದೋಷವು ಸ್ಪಷ್ಟವಾಗಿದೆ. ಬಹಮನೀ ರಾಜ್ಯವು ಹುಟ್ಟುವುದಕ್ಕೆ ಮೊದಲೇ, 1342ರ ಸುಮಾರಿನಲ್ಲಿ, ಇಬ್ನ್ ಬತೂತನು ಮಂಗಳೂರಿನಲ್ಲಿ ಸುಮಾರು 4000 ಮುಸಲ್ಮಾನರನ್ನೂ ಶಾಫಿ ಪಂಥದ ಒಬ್ಬ ಕಾಜಿಯನ್ನೂ ಕಂಡಿದ್ದಾನೆ. ಪಾರಸ, ಯೆಮನ್ ದೇಶಗಳ ವರ್ತಕರು ಅಲ್ಲಿ ಇಳಿಯುತ್ತಿದ್ದರು. ಇವರಿಗೂ ಊರವರಿಗೂ ಜಗಳಗಳಾಗುತ್ತಿದ್ದುದನ್ನು ಅವನು ಮುಚ್ಚಿಟ್ಟಿಲ್ಲ. ವರ್ತಕರು ತನಗೆ ಬೇಕಾದವರಾದುದರಿಂದ ಅರಸನೇ ನಡುವೆ ಬಂದು ಸಂಧಾನ ಮಾಡಿಸುತ್ತಿದ್ದನೆಂದೂ ಹೇಳುತ್ತಾನೆ. ಇಂದಿಗೂ ಕರಾವಳಿಯ ಬ್ಯಾರಿಗಳು ಶಾಫಿ ಪಂಥದವರು. ದಖ್ಖಣದಲ್ಲಿ ಹನಫಿ ಪಂಥವೇ ಪ್ರಬಲ. ಕರಾವಳಿಯ ಇಸ್ಲಾಮಿನ ನಂಟು ಅರಬ್ಬೀ ಸಮುದ್ರದೊಡನೆ ಬೆಳೆದುದೆಂಬುದಕ್ಕೆ ಇದೂ ಒಂದು ಸಾಕ್ಷಿ.

ಎರಡನೆಯ ದಾರಿಯಾದರೋ ಭಕ್ತಿಗೆ ಯೋಗ್ಯ, ಕಾಲಗಣನೆಗೆ ಅಲ್ಲ. ಇಲ್ಲಿ ನಮಗೆ ಮೇಲ್ಪಂಕ್ತಿಯಾಗಬೇಕಾದವರು 16ನೆಯ ಶತಮಾನದ ಶೇಖ್ ಝೈನುದ್ದೀನ್ ಮಖ್ದೂಮರು. ತಮ್ಮ ‘ತುಹ್‌ಫತುಲ್ ಮುಜಾಹಿದೀನ್’ ಗ್ರಂಥದಲ್ಲಿ ಅವರು ಈ ಐತಿಹ್ಯವನ್ನು ಆದರದಿಂದ ನಿರೂಪಿಸಿ, ಘಟನೆಯ ಕಾಲವು ನಿಶ್ಚಿತವಾಗಿಲ್ಲವೆಂದೂ ಅದು ಹಿಜರಿ 200ರ, ಎಂದರೆ ಕ್ರಿ.ಶ. 815ರ, ಅನಂತರವೇ ಇರಬೇಕೆಂದೂ ವಿವೇಚಿಸಿದ್ದಾರೆ. ಪೋರ್ಚುಗೀಸರ ವಿರುದ್ಧ ಸ್ವಮತೀಯರನ್ನು ಹುರಿದುಂಬಿಸಲು ಬರೆದ ಗ್ರಂಥದಲ್ಲಿಯೂ ಈ ಸಂಯಮವಿದೆ. ಇಂದಿನ ಅನೇಕ ಲೇಖಕರಲ್ಲಿ ಅದು ಕಾಣುವುದಿಲ್ಲ.

ಬಂದರಿನಿಂದ ಒಳನಾಡಿಗೆ ಬರುವುದು ಹೇಗೆ? ಮಂಗಳೂರಿನಲ್ಲಿ ಮೆಣಸು, ಶುಂಠಿ ಹೇರಳವೆಂದು ಇಬ್ನ್ ಬತೂತನು ಬರೆದಿದ್ದಾನೆ. ಮೆಣಸಿನ ಬಳ್ಳಿ ಹಬ್ಬುವುದು ಹಡಗುಕಟ್ಟೆಯಲ್ಲಲ್ಲ, ಘಟ್ಟದ ತಪ್ಪಲಿನಲ್ಲಿ. ಆದುದರಿಂದ ಒಳನಾಡಿನ ಮುಸಲ್ಮಾನರ ಚರಿತ್ರೆಯನ್ನು ಅರಸರ ವಂಶಾವಳಿಗಿಂತ ಹೇರು, ಸಂತೆ, ಗೇಣಿಗಳಲ್ಲಿ ಹುಡುಕುವುದು ಉಚಿತ. ಬೆಳ್ಳಾರೆ ಎಂದೊಡನೆ ಚರಿತ್ರಕಾರರಿಗೆ ನೆನಪಾಗುವುದು ಅಮರ ಸುಳ್ಯದ ದಂಗೆಕಾರರು 1837ರಲ್ಲಿ ವಶಪಡಿಸಿಕೊಂಡ ಖಜಾನೆ. 1834ರಲ್ಲಿ ಕೊಡಗು ಕಂಪೆನಿಯ ಕೈಸೇರಿದ ಬಳಿಕ ಧಾನ್ಯದ ಬದಲು ನಗದು ಕಂದಾಯವನ್ನು ಕೇಳಿದುದು ಆ ದಂಗೆಗೆ ಒಂದು ಕಾರಣ. ನಗದು ಬೇಕಾದಾಗ ಬೆಳೆಯನ್ನು ಕೊಳ್ಳುವವನೂ ಬೇಕು. ಆ ವ್ಯಾಪಾರವನ್ನು ಯಾರು ಯಾರು ನಡೆಸಿದರೆಂದು ಕೇಳಿದಾಗ ಮಾತ್ರ ಊರಿನ ಎಲ್ಲ ಜನರೂ ಚರಿತ್ರೆಯೊಳಗೆ ಬರುತ್ತಾರೆ.

ಇದು ಕೇವಲ ಪಂಡಿತರ ವಾದವಲ್ಲ. ಒಬ್ಬರು ನೆರೆಯವನನ್ನು ನಿನ್ನೆ ಬಂದವನೆನ್ನಲು ದಂಡಯಾತ್ರೆಯನ್ನು ಉದಾಹರಿಸುತ್ತಾರೆ; ಇನ್ನೊಬ್ಬರು ಅದಕ್ಕೆ ಉತ್ತರವಾಗಿ ಪ್ರಾಚೀನತೆಯನ್ನು ಹಿಗ್ಗಿಸುತ್ತಾರೆ. ಊರಿನಲ್ಲಿ ಬಾಳುವ ಹಕ್ಕು ಇಸವಿಯನ್ನು ಅವಲಂಬಿಸಿದೆಯೆಂಬ ತಪ್ಪು ಕಲ್ಪನೆ ಇಬ್ಬರಲ್ಲಿಯೂ ಸಮಾನ. ಆ ಕಲ್ಪನೆಯನ್ನು ಕಳಚಿಟ್ಟರೆ 644ನ್ನು ಸಮರ್ಥಿಸುವ ಅಗತ್ಯವೂ ಇಲ್ಲ, 1342ನ್ನು ಮರೆಮಾಚುವ ಅಗತ್ಯವೂ ಇಲ್ಲ.