ಹತ್ತು ಚಿತ್ರಗಳಲ್ಲಿ ಹೃದಯ: ಗೊಸ್ನರ್ ಅವರ ಪುಸ್ತಕ ಮತ್ತು ಅಂತರಂಗದ ಆರೈಕೆ

ಕ್ರೈಸ್ತ ಜೀವನದಲ್ಲಿ ಹೃದಯವನ್ನು ಕಾಪಾಡಿಕೊಳ್ಳುವ ಬಗೆಯನ್ನು ಓದು ಬಾರದವರಿಗೂ ಮನದಟ್ಟಾಗುವಂತೆ ಹೇಳಿದ ಪುಸ್ತಕಗಳಲ್ಲಿ ಯೊಹಾನ್ನೆಸ್ ಗೊಸ್ನರ್ ಅವರ 'ಮನುಷ್ಯನ ಹೃದಯ' ಮುಖ್ಯವಾದುದು. 1812ರಲ್ಲಿ ಜರ್ಮನ್ ಭಾಷೆಯಲ್ಲಿ ಹೊರಬಂದ ಈ ಕಿರುಹೊತ್ತಗೆಯಲ್ಲಿರುವುದು ಹತ್ತು ಚಿತ್ರಗಳು ಮತ್ತು ಅವುಗಳ ವಿವರಣೆ. ಮಿಶನರಿಗಳ ಕೈಯಲ್ಲಿ ಅದು ಏಷ್ಯಾ, ಆಫ್ರಿಕಾಗಳ ಅನೇಕ ಭಾಷೆಗಳಿಗೆ ಹೋಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರ ಮೂಲಕ ಕನ್ನಡಕ್ಕೂ ಬಂತು. ಹೃದಯ ಕೆಡುವುದು ಹೇಗೆ ಎಂಬುದನ್ನು ಈ ಪುಸ್ತಕ ಅಪಾರ ಎಚ್ಚರದಿಂದ ಗಮನಿಸಿದೆ. ಅದನ್ನು ಆರೋಗ್ಯವಾಗಿ ಇಟ್ಟುಕೊಳ್ಳಲು ಮನುಷ್ಯನಿಗೆ ಜೊತೆಗಾರರು ಬೇಕು ಎಂಬುದನ್ನು ಮಾತ್ರ ಅದು ಕಾಣಲಿಲ್ಲ. ಅದರ ಗುಣವನ್ನೂ ಕೊರತೆಯನ್ನೂ ಒಟ್ಟಿಗೆ ತೂಗಿದಾಗಲೇ ಇಂದಿನ ಓದುಗರಿಗೆ ಅದು ಪ್ರಯೋಜನಕ್ಕೆ ಬರುತ್ತದೆ.

ಗೊಸ್ನರ್ (1773–1858) ಬವೇರಿಯದ ಕಥೋಲಿಕ ಪಾದ್ರಿಯಾಗಿದ್ದವರು. 1826ರಲ್ಲಿ ಪ್ರಾಟೆಸ್ಟಂಟ್ ಸಭೆಗೆ ಸೇರಿದರು. 1836ರಲ್ಲಿ ಬರ್ಲಿನ್ನಿನಲ್ಲಿ ಅವರು ಕಟ್ಟಿದ ಮಿಶನ್ 1845ರಲ್ಲಿ ರಾಂಚಿಗೆ ಬಂತು. ಪುಸ್ತಕದ ಚಿತ್ರಗಳ ಕಲ್ಪನೆ ಅವರ ಸ್ವಂತದ್ದಲ್ಲ. 17ನೇ ಶತಮಾನದಲ್ಲಿ ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದಲ್ಲಿ ಮಿಶೆಲ್ ಲ ನೊಬ್ಲೆ ಎಂಬ ಪಾದ್ರಿ ಚರ್ಮದ ಮೇಲೆ ಚಿತ್ರ ಬರೆಸಿ ಬೆಸ್ತರಿಗೂ ರೈತರಿಗೂ ಬೋಧಿಸುತ್ತಿದ್ದರು. ಹೃದಯದ ಚಿತ್ರಗಳು ಅದೇ ಪರಂಪರೆಯಲ್ಲಿ ಬೆಳೆದು ಜರ್ಮನಿಗೆ ಬಂದವು. ಕಥೋಲಿಕ ಹಳ್ಳಿಗಳಲ್ಲಿ ಹುಟ್ಟಿದ್ದು ಪ್ರಾಟೆಸ್ಟಂಟ್ ಮುದ್ರಣಾಲಯಗಳಿಂದ ಲೋಕವೆಲ್ಲ ಹರಡಿತು. ಅಂತರಂಗದ ಆರೈಕೆ ಯಾವ ಒಂದು ಪಂಥದ ಸೊತ್ತೂ ಅಲ್ಲ ಎಂಬುದಕ್ಕೆ ಈ ಚರಿತ್ರೆಯೇ ಸಾಕ್ಷಿ.

ಮೊದಲ ಚಿತ್ರದಲ್ಲಿ ದೊಡ್ಡದೊಂದು ಹೃದಯ, ಅದರ ಮೇಲೆ ಮನುಷ್ಯನ ಮುಖ. ಹೃದಯದೊಳಗೆ ಏಳು ಪ್ರಾಣಿಗಳು: ಗರ್ವಕ್ಕೆ ನವಿಲು, ಕಾಮಕ್ಕೆ ಹೋತ, ಹೊಟ್ಟೆಬಾಕತನಕ್ಕೆ ಹಂದಿ, ಸಿಟ್ಟಿಗೆ ಹುಲಿ ಅಥವಾ ಚಿರತೆ, ಹೊಟ್ಟೆಕಿಚ್ಚಿಗೆ ಹಾವು, ದುರಾಸೆಗೆ ಕಪ್ಪೆ, ಆಲಸ್ಯಕ್ಕೆ ಆಮೆ. ಆವೃತ್ತಿಯಿಂದ ಆವೃತ್ತಿಗೆ ಪ್ರಾಣಿಗಳು ಕೊಂಚ ಬದಲಾಗುವುದುಂಟು. ಇವುಗಳ ನಡುವೆ ಒಡೆಯನ ಹಾಗೆ ಸೈತಾನ. ಮುಂದಿನ ಚಿತ್ರಗಳಲ್ಲಿ ಪಶ್ಚಾತ್ತಾಪ ಹುಟ್ಟುತ್ತದೆ, ಪವಿತ್ರಾತ್ಮನ ಬೆಳಕು ಒಳಗೆ ಬರುತ್ತದೆ, ಪ್ರಾಣಿಗಳು ಒಂದೊಂದಾಗಿ ಹೊರಬೀಳುತ್ತವೆ, ಶಿಲುಬೆಯ ಧ್ಯಾನ ನೆಲೆಗೊಳ್ಳುತ್ತದೆ. ಐದನೆಯ ಚಿತ್ರದ ಹೊತ್ತಿಗೆ ಹೃದಯ ದೇವಾಲಯವಾಗಿರುತ್ತದೆ.

ಪುಸ್ತಕದ ನಿಜವಾದ ಬಲ ಇರುವುದು ಅಲ್ಲಿಂದಾಚೆ. ಸಾಮಾನ್ಯ ಸುವಾರ್ತಾ ಕರಪತ್ರವಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಗೊಸ್ನರ್ ಇನ್ನೂ ಐದು ಚಿತ್ರಗಳನ್ನು ಉಳಿಸಿಕೊಂಡಿದ್ದಾರೆ. ಆರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಅದರಲ್ಲಿ ಘೋರ ಪಾಪವೇನೂ ನಡೆದಿಲ್ಲ. ಮುಖದಲ್ಲಿ ಒಂದು ಕಣ್ಣು ತೂಕಡಿಸುತ್ತಿದೆ, ಇನ್ನೊಂದು ಹೊರಗೆ ಅಲೆಯುತ್ತಿದೆ. ಮನಸ್ಸಾಕ್ಷಿಯನ್ನು ಸೂಚಿಸುವ ನಕ್ಷತ್ರ ಮಂಕಾಗಿದೆ, ಓಡಿಹೋಗಿದ್ದ ಪ್ರಾಣಿಗಳು ಮತ್ತೆ ಹೊಸ್ತಿಲ ಬಳಿ ಸುಳಿದಾಡುತ್ತಿವೆ. ಏಳನೆಯದರಲ್ಲಿ ಅವು ಮೊದಲಿಗಿಂತ ಕೆಟ್ಟ ಜೊತೆಗಾರರನ್ನು ಕರೆದುಕೊಂಡು ಒಳಹೊಕ್ಕಿವೆ. ಗುಡಿಸಿಟ್ಟ ಖಾಲಿ ಮನೆಗೆ ದೆವ್ವ ಇನ್ನೂ ಏಳು ದೆವ್ವಗಳೊಂದಿಗೆ ಮರಳಿ ಬರುವ, ಲೂಕನ ಸುವಾರ್ತೆಯ ದೃಷ್ಟಾಂತವೇ ಇದಕ್ಕೆ ಆಧಾರ. ಉಳಿದ ಮೂರು ಚಿತ್ರಗಳು ಪಾಪಿಯ ಮರಣ, ಸ್ಥಿರವಾಗಿ ನಿಂತ ಹೃದಯ ಮತ್ತು ನೀತಿವಂತನ ಮರಣವನ್ನು ತೋರಿಸುತ್ತವೆ.

ತುಮಕೂರು ಜಿಲ್ಲೆಯ ಶಿರಾ, ಪಾವಗಡ ಸೀಮೆಯ ರೈತರಿಗೆ ಆರನೆಯ ಚಿತ್ರದ ಮಾತು ಹೊಸದಲ್ಲ. ಕಡಲೆಕಾಯಿ ಹೊಲದಲ್ಲಿ ಒಮ್ಮೆ ಕಳೆ ಕಿತ್ತರೆ ಕೆಲಸ ಮುಗಿಯಿತೆಂದು ಯಾರೂ ಸುಮ್ಮನಾಗುವುದಿಲ್ಲ. ಹೃದಯದ ವಿಷಯದಲ್ಲಿ ಮಾತ್ರ ವಿಶ್ವಾಸಿಗಳು ಹಾಗೆ ಸುಮ್ಮನಾಗುತ್ತಾರೆ. ದೀಕ್ಷಾಸ್ನಾನ ಆಯಿತು, ಸಭೆಯ ಪಟ್ಟಿಯಲ್ಲಿ ಹೆಸರು ಬಂತು, ಇನ್ನೇನು ಎಂಬ ನಿಶ್ಚಿಂತೆಯನ್ನು ಗೊಸ್ನರ್ ಅಲುಗಾಡಿಸುತ್ತಾರೆ. ಹೃದಯವನ್ನು ಎಲ್ಲಕ್ಕಿಂತ ಜಾಗರೂಕತೆಯಿಂದ ಕಾಯಬೇಕೆಂದು ಜ್ಞಾನೋಕ್ತಿಗಳ ನಾಲ್ಕನೆಯ ಅಧ್ಯಾಯ ಹೇಳುವುದು ದಿನನಿತ್ಯದ ಕಾವಲನ್ನೇ.

ಚಿತ್ರದ ಭಾಷೆಯೂ ಅಂದಿನ ಕಾಲಕ್ಕೆ ಒಪ್ಪುವಂಥದಾಗಿತ್ತು. ಬಳ್ಳಾರಿಯಲ್ಲಿದ್ದ ಮಿಶನರಿ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ 1830ರ ದಶಕದ ಆರಂಭದಲ್ಲೇ ಇಡೀ ಸತ್ಯವೇದ ಕನ್ನಡದಲ್ಲಿ ಸಿಕ್ಕಿತ್ತು. ಆದರೆ ಅದನ್ನು ಓದಬಲ್ಲವರು ಹಳ್ಳಿಗಳಲ್ಲಿ ಬೆರಳೆಣಿಕೆಯಷ್ಟು. ಸಂತೆ, ಜಾತ್ರೆಗಳಲ್ಲಿ ನಿಂತು ಬೋಧಿಸುವ ಉಪದೇಶಿಗೆ ಹತ್ತು ಚಿತ್ರಗಳ ಪುಸ್ತಕ ದೊಡ್ಡ ಆಸರೆ. ಕೇಳುವವರಿಗೂ ವಿಷಯ ಅಪರಿಚಿತವಾಗಿರಲಿಲ್ಲ. ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರಗಳೆಂಬ ಅರಿಷಡ್ವರ್ಗವನ್ನು ಕನ್ನಡಿಗರು ದಾಸರಿಂದಲೂ ಶರಣರಿಂದಲೂ ಕೇಳಿ ಬಲ್ಲವರು. 6ನೇ ಶತಮಾನದ ಕೊನೆಯಲ್ಲಿ ಪೋಪ್ ಗ್ರೆಗೊರಿ ಕ್ರಮಪಡಿಸಿದ ಏಳು ಮೂಲಪಾಪಗಳ ಪಟ್ಟಿಯೊಂದಿಗೆ ಅದನ್ನು ಹೋಲಿಸಿದರೆ ಬಹುಪಾಲು ತಾಳೆಯಾಗುತ್ತದೆ. ಮುಖ್ಯ ವ್ಯತ್ಯಾಸಗಳಲ್ಲೊಂದು ಆಲಸ್ಯ. ಕ್ರೈಸ್ತ ಪಟ್ಟಿಯ ಆಲಸ್ಯವೆಂದರೆ ಮೈಗಳ್ಳತನವಷ್ಟೇ ಅಲ್ಲ, ದೇವರ ವಿಷಯದಲ್ಲಿ ಬೇಸರ ಬಂದು ಪ್ರಾರ್ಥನೆ ಬತ್ತಿಹೋಗುವ ಸ್ಥಿತಿ. ಮರುಭೂಮಿಯ ಸಂನ್ಯಾಸಿಗಳು 4ನೇ ಶತಮಾನದಲ್ಲೇ ಇದನ್ನು ಗುರುತಿಸಿದ್ದರು. ಆರನೆಯ ಚಿತ್ರದ ತೂಕಡಿಸುವ ಕಣ್ಣು ಇದೇ. ಹೃದಯದ ಕಾಯಿಲೆಗಳಲ್ಲಿ ನೋವೇ ಇಲ್ಲದೆ ಬೆಳೆಯುವ ಕಾಯಿಲೆ ಇದಾದ್ದರಿಂದ ಅದರ ಅಪಾಯವೂ ಹೆಚ್ಚು.

ಇನ್ನು ಕೊರತೆಗಳು. ಮೊದಲನೆಯದು ಪ್ರಾಣಿಗಳ ಆಯ್ಕೆ. ಯುರೋಪಿನಲ್ಲಿ ನವಿಲೆಂದರೆ ಗರ್ವ, ಹಾವೆಂದರೆ ಸೈತಾನನ ವೇಷ. ಕನ್ನಡನಾಡಿನಲ್ಲಿ ನವಿಲು ಸುಬ್ರಹ್ಮಣ್ಯನ ವಾಹನ. ಊರ ಅರಳೀಕಟ್ಟೆಯ ಮೇಲೆ ನಾಗರಕಲ್ಲುಗಳಿವೆ. ಆಮೆ, ಹಂದಿಗಳು ವಿಷ್ಣುವಿನ ಅವತಾರಗಳು. ಶಿರಾ, ಮಧುಗಿರಿ, ಪಾವಗಡ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಆಡು-ಕುರಿಯೇ ಬದುಕು, ಅದೇ ಸಿರಿ. ಅಲ್ಲಿ ಹೋತದ ಚಿತ್ರ ತೋರಿಸಿ ಕಾಮವೆಂದರೆ ಕೇಳುವವರ ಮನಸ್ಸಿಗೆ ಅದು ತಟ್ಟುವುದು ಕಷ್ಟ. ಮೇಲಾಗಿ ಪಕ್ಕದ ಮನೆಯವರು ಕೈಮುಗಿಯುವುದನ್ನೇ ಪಾಪದ ಗುರುತಾಗಿಸಿದರೆ, ತನ್ನ ಅಂತರಂಗ ನೋಡಿಕೊಳ್ಳಬೇಕಾದ ವಿಶ್ವಾಸಿಯ ಕಣ್ಣು ನೆರೆಯವರ ಮೇಲೆ ಹೋಗುತ್ತದೆ. ಆತ್ಮಶೋಧನೆಯ ಪುಸ್ತಕ ತಾತ್ಸಾರ ಕಲಿಸುವ ಪುಸ್ತಕವಾಗುವ ಅಪಾಯ ಇಲ್ಲಿದೆ.

ಎರಡನೆಯ ಕೊರತೆ ದುಃಖಕ್ಕೆ ಸಂಬಂಧಿಸಿದ್ದು. ಗೊಸ್ನರ್ ಚಿತ್ರಿಸಿದ ಹೃದಯಕ್ಕೆ ಪಾಪ ಗೊತ್ತು, ಪಾಪದ ಅಳುವೂ ಗೊತ್ತು. ಪಾಪದಿಂದಲ್ಲದೆ ಬರುವ ಸಂಕಟ ಗೊತ್ತಿಲ್ಲ. 1876–78ರ ಮಹಾಕ್ಷಾಮ ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜೀವಗಳನ್ನು ತೆಗೆದುಕೊಂಡಿತು. ಪಾವಗಡ, ಶಿರಾ ಕಡೆ ಮಳೆ ಕೈಕೊಡುವುದು ಇಂದಿಗೂ ನಿಂತಿಲ್ಲ. ಸಾಲದಲ್ಲಿ ಮುಳುಗಿದ, ಮಗುವನ್ನು ಕಳೆದುಕೊಂಡ ಮನುಷ್ಯನ ಕುಗ್ಗಿದ ಹೃದಯವನ್ನು ಈ ಹತ್ತು ಚಿತ್ರಗಳಲ್ಲಿ ಯಾವುದರ ಪಕ್ಕದಲ್ಲಿ ಇಡಬೇಕು? ಸತ್ಯವೇದದಲ್ಲಿ ಅದಕ್ಕೆ ವಿಶಾಲವಾದ ಜಾಗವಿದೆ. ಯೋಬ ದೇವರೊಂದಿಗೆ ವಾದಿಸುತ್ತಾನೆ, ಕೀರ್ತನೆಗಳಲ್ಲಿ ದೊಡ್ಡ ಭಾಗ ಮೊರೆಯೇ ಆಗಿದೆ, ಪ್ರಲಾಪಗಳು ಎಂಬ ಪುಸ್ತಕವೇ ಇದೆ. ದೇವರ ಮುಂದೆ ಗೋಳಾಡುವ ಹೃದಯ ರೋಗಪೀಡಿತ ಹೃದಯವಲ್ಲ. ಖಿನ್ನತೆಯಿಂದ ಬಳಲುವವರಿಗೆ ನಂಬಿಕೆ ಸಾಲದೆಂದು ಹೇಳುವ ಉಪದೇಶ ಗಾಯದ ಮೇಲೆ ಬರೆ ಎಳೆದಂತೆ. ಅಂಥವರಿಗೆ ಪ್ರಾರ್ಥನೆಯೂ ಬೇಕು, ವೈದ್ಯರೂ ಬೇಕು.

ಮೂರನೆಯದು ಎಲ್ಲಕ್ಕಿಂತ ದೊಡ್ಡ ಕೊರತೆ. ಹತ್ತೂ ಚಿತ್ರಗಳಲ್ಲಿ ಹೃದಯ ಒಂಟಿ. ಮೇಲೆ ದೇವರು, ಕೆಳಗೆ ಸೈತಾನ, ನಡುವೆ ಒಬ್ಬನೇ ಮನುಷ್ಯ. ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಯೇಸು ಹೃದಯದಿಂದ ಹೊರಡುವ ಕೆಡುಕುಗಳನ್ನು ಎಣಿಸುವಾಗ ಕೊಲೆ, ಕಳ್ಳತನ, ವಂಚನೆಗಳನ್ನು ಹೆಸರಿಸುತ್ತಾರೆ. ಇವೆಲ್ಲ ಇನ್ನೊಬ್ಬರಿಗೆ ಮಾಡುವ ಕೇಡುಗಳು. ಅಂದ ಮೇಲೆ ಹೃದಯದ ಆರೋಗ್ಯ ಗೊತ್ತಾಗುವುದು ಸಂಬಂಧಗಳಲ್ಲಿ, ವ್ಯವಹಾರದಲ್ಲಿ. ಭಾರತದಲ್ಲಿ ಇದರ ಕಠಿಣ ಪರೀಕ್ಷೆ ಜಾತಿ. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ದಕ್ಷಿಣದ ಸಭೆಗಳಲ್ಲಿ ಜಾತಿಭೇದ ಸಲ್ಲದೆಂದು ಪತ್ರ ಬರೆಯಬೇಕಾಯಿತು. ಬಾಸೆಲ್ ಮಿಶನ್ನಿನವರೂ ಸಭೆಯೊಳಗೆ ಜಾತಿಯನ್ನು ಒಪ್ಪಲಿಲ್ಲ. ಆದರೂ ಅವರು ಹಂಚಿದ ಈ ಪುಸ್ತಕದ ಏಳು ಪ್ರಾಣಿಗಳಲ್ಲಿ ಜಾತಿಗರ್ವಕ್ಕೆ ಪ್ರತ್ಯೇಕ ರೂಪವಿಲ್ಲ. ನವಿಲನ್ನು ಓಡಿಸಿದೆನೆಂದು ಸಂತೋಷಪಡುವ ವಿಶ್ವಾಸಿ ಮದುವೆಯ ಮಾತು ಬಂದಾಗ ಜಾತಿ ಕೇಳಬಹುದು. ಆ ಬಿರುಕನ್ನು ಚಿತ್ರ ಎತ್ತಿ ತೋರಿಸುವುದಿಲ್ಲ.

ಈ ಒಂಟಿತನಕ್ಕೆ ಮದ್ದು ಬೇರೆ ದಾರಿಯಿಂದ ತುಮಕೂರು ಜಿಲ್ಲೆಗೆ ಬಂದಿತ್ತು. 1837ರಲ್ಲಿ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ವೆಸ್ಲಿಯನ್ ಮಿಶನ್ ಕೆಲಸ ಆರಂಭಿಸಿದರು. ಮುಂದೆ ಅಲ್ಲಿಗೆ ಬಂದ ವಿಲಿಯಂ ಆರ್ಥರ್ ಮೈಸೂರು ಸೀಮೆಯ ಅನುಭವವನ್ನು 1847ರಲ್ಲಿ ಪುಸ್ತಕವಾಗಿಸಿದರು. ಇವರು ಬೆಳೆದ ಮೆಥಡಿಸ್ಟ್ ಪರಂಪರೆಯ ಬೆನ್ನೆಲುಬೇ ವಾರದ ಕೂಟ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಸದಸ್ಯರನ್ನು ಹನ್ನೆರಡರ ಗುಂಪುಗಳಾಗಿ ಮಾಡಿ ವಾರಕ್ಕೊಂದು ಪೆನ್ನಿ ಸಂಗ್ರಹಿಸುವ ಏರ್ಪಾಡಾಯಿತು. ಹಣಕ್ಕಾಗಿ ಮನೆಮನೆಗೆ ಹೋದವರಿಗೆ ಅಲ್ಲಿನ ಕಷ್ಟ, ಜಗಳ, ಕುಡಿತಗಳು ಕಂಡವು. ಆ ಪರಂಪರೆಯ ಮೂಲಪುರುಷ ಜಾನ್ ವೆಸ್ಲಿ ಅದನ್ನೇ ಆತ್ಮಗಳ ಪಾಲನೆಯ ಕ್ರಮವಾಗಿಸಿದರು. ವಾರಕ್ಕೊಮ್ಮೆ ಸೇರುವುದು, ಆತ್ಮದ ಸ್ಥಿತಿಯನ್ನು ಒಬ್ಬೊಬ್ಬರೂ ಹೇಳಿಕೊಳ್ಳುವುದು, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸುವುದು. ಹೆಂಗಸರೂ ನಾಯಕಿಯರಾಗಿದ್ದರು. 1743ರ ನಿಯಮಗಳು ಕೆಡುಕು ಮಾಡಬೇಡ, ಒಳಿತು ಮಾಡು, ದೇವರ ಸನ್ನಿಧಿಯ ವಿಧಿಗಳನ್ನು ಬಿಡಬೇಡ ಎಂಬ ಮೂರು ಅಂಶಗಳನ್ನು ಜೋಡಿಸಿದವು. ಹಸಿದವರಿಗೆ ಉಣಬಡಿಸುವುದು, ಸೆರೆಯಲ್ಲಿರುವವರನ್ನು ಕಾಣುವುದು ಹೃದಯದ ಆರೈಕೆಯ ಭಾಗವೇ ಆಯಿತು.

ಈ ಪದ್ಧತಿಯಲ್ಲೂ ದೋಷಗಳಿವೆ. ಪ್ರತಿ ವಾರ ಮಾತನಾಡಲೇಬೇಕಾದಾಗ ಸಾಕ್ಷಿಯ ಮಾತು ಕಂಠಪಾಠವಾಗುತ್ತದೆ. ಮೂರು ತಿಂಗಳಿಗೊಮ್ಮೆ ಕೊಡುತ್ತಿದ್ದ ಸದಸ್ಯತ್ವದ ಚೀಟಿ ಕೆಲವರ ಕೈಯಲ್ಲಿ ಅಧಿಕಾರವಾಗಬಲ್ಲದು. ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರಿನಲ್ಲಿ ಕೂಟದಲ್ಲಿ ಹೇಳಿದ್ದು ಬೆಳಗಾಗುವಷ್ಟರಲ್ಲಿ ಬಾವಿಕಟ್ಟೆ ಮುಟ್ಟಿದರೆ ಮುಂದೆ ಯಾರೂ ಬಾಯಿಬಿಡುವುದಿಲ್ಲ. ಹೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಶಿಸ್ತಿಲ್ಲದ ಕಡೆ ವಾರದ ಕೂಟ ವಾಸಿಗಿಂತ ಗಾಯವನ್ನೇ ಹೆಚ್ಚು ಮಾಡುತ್ತದೆ. ಇಂದಿನ ಸಭೆಗಳ ಮನೆಪ್ರಾರ್ಥನೆಗಳಲ್ಲಿ ಹಾಡು, ಬೋಧನೆ, ಕಾಯಿಲೆ-ಕೆಲಸಗಳಿಗಾಗಿ ಬಿನ್ನಹ ಇವೆಲ್ಲ ಉಳಿದಿವೆ. ಅಂತರಂಗ ಹೇಗಿದೆ ಎಂದು ಕೇಳುವ ಪ್ರಶ್ನೆ ಮಾತ್ರ ಬಹುಮಟ್ಟಿಗೆ ಬಿಟ್ಟುಹೋಗಿದೆ. ಆ ನಷ್ಟ ಸಣ್ಣದಲ್ಲ.

ಗೊಸ್ನರ್ ಅವರ ಪುಸ್ತಕ ಮತ್ತು ವೆಸ್ಲಿಯವರ ಕೂಟ ಒಂದನ್ನೊಂದು ತುಂಬಿಕೊಡುತ್ತವೆ. ಪುಸ್ತಕ ದಿನದ ಆತ್ಮಶೋಧನೆಗೆ ಒದಗುತ್ತದೆ. ಮಲಗುವ ಮುನ್ನ ಆರನೆಯ ಚಿತ್ರದ ಕಣ್ಣುಗಳನ್ನು ನೆನೆದು ದಿನವನ್ನು ಪರಿಶೀಲಿಸಿದರೆ ಸಾಕು. ತನ್ನನ್ನು ತಾನೇ ನೋಡಿಕೊಳ್ಳುವವನಿಗೆ ಕಾಣದೆ ಉಳಿಯುವುದನ್ನು ಇಬ್ಬರು-ಮೂವರು ನಂಬಿಗಸ್ತರ ಕೂಟ ತೋರಿಸಿಕೊಡುತ್ತದೆ. ಕಾಣಿಕೆ ಅರ್ಪಿಸುವ ಮೊದಲು ಸಹೋದರನೊಂದಿಗೆ ರಾಜಿಯಾಗಬೇಕೆಂಬ ಯೇಸುವಿನ ಬೋಧನೆಯನ್ನು ಪಾಲಿಸಿದರೆ ಪ್ರಭುಭೋಜನವೇ ಹೃದಯದ ತಪಾಸಣೆಯಾಗುತ್ತದೆ. ಒಂದೇ ರೊಟ್ಟಿ, ಒಂದೇ ಪಾತ್ರೆ ಹಂಚಿಕೊಳ್ಳುವಾಗ ಜಾತಿಗೆ ಅಲ್ಲಿ ಎಡೆಯಿರುವುದಿಲ್ಲ. 1755ರಲ್ಲಿ ವೆಸ್ಲಿ ಆರಂಭಿಸಿದ ಒಡಂಬಡಿಕೆಯ ಆರಾಧನೆ ಮುಂದೆ ಮೆಥಡಿಸ್ಟ್ ಸಭೆಗಳಲ್ಲಿ ಹೊಸವರ್ಷದ ರೂಢಿಯಾಯಿತು. ದಿನ, ವಾರಗಳ ಈ ಕ್ರಮಕ್ಕೆ ಅದು ವರ್ಷದ ಚೌಕಟ್ಟನ್ನು ಕೊಡುತ್ತದೆ.

ಒಟ್ಟಿನಲ್ಲಿ 'ಮನುಷ್ಯನ ಹೃದಯ' ರೋಗವನ್ನು ಗುರುತಿಸುವುದರಲ್ಲಿ ಗಟ್ಟಿ, ಮದ್ದು ಹೇಳುವುದರಲ್ಲಿ ಅರೆ. ಕಲ್ಲಿನ ಹೃದಯವನ್ನು ತೆಗೆದು ಮೃದುವಾದ ಹೃದಯವನ್ನು ಕೊಡುವುದಾಗಿ ಯೆಹೆಜ್ಕೇಲನ ಪ್ರವಾದನೆಯಲ್ಲಿ ದೇವರು ಮಾತು ಕೊಡುವುದು ಒಬ್ಬ ವ್ಯಕ್ತಿಗಲ್ಲ, ಚದುರಿಹೋದ ಇಡೀ ಜನಾಂಗಕ್ಕೆ. ಆ ವಾಗ್ದಾನದ ಬೆಳಕಿನಲ್ಲಿ ಓದಿಕೊಂಡರೆ ಹಳೆಯ ಈ ಚಿತ್ರಪುಸ್ತಕ ಇಂದಿನ ಸಭೆಗಳಿಗೂ ಕೆಲಸಕ್ಕೆ ಬರುತ್ತದೆ. ಅದಕ್ಕೆ ಪ್ರಾಣಿಗಳನ್ನು ಈ ನೆಲಕ್ಕೆ ಒಪ್ಪುವಂತೆ ಬದಲಿಸಬೇಕು, ದುಃಖಕ್ಕೊಂದು ಚಿತ್ರ ಸೇರಿಸಬೇಕು, ಒಂಟಿ ಹೃದಯದ ಪಕ್ಕದಲ್ಲಿ ನೆರೆಯವರನ್ನೂ ಬರೆಯಬೇಕು.